ತಾಳುವಷ್ಟು ಹೊತ್ತು

ಝಳಕಿ
18 ನವೆಂಬರ್ 2024

ತಮ್ಮ ಶ್ರೀಶೈಲನಿಗೆ,

ಕ್ಷೇಮ ಕೇಳುವ ಸಾಲು ಬಿಟ್ಟಿದ್ದೇನೆ. ಕ್ಷೇಮ ಇಲ್ಲದ್ದಕ್ಕೇ ಬರೆಯುತ್ತಿರುವುದು. ಫೋನ್ ಮಾಡಿದರೆ "ಹಲೋ, ಹಲೋ, ರೇಂಜ್ ಇಲ್ಲಕ್ಕಾ" ಅಂತ ಕಟ್ ಮಾಡುತ್ತೀ. ಮೋರಟಗಿಯ ರೇಂಜು ನನ್ನ ಫೋನಿಗೆ ಮಾತ್ರ ಹೋಗುತ್ತದೆ ಎಂಬುದು ನನಗೆ ಗೊತ್ತಿದೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿಯಬಹುದು. ಹರಿದರೆ ಇನ್ನೊಂದು ಬರೆಯುತ್ತೇನೆ. ಏಳನೇ ಇಯತ್ತೆಯವರೆಗೆ ಕಲಿತದ್ದು ಇದಕ್ಕಾದರೂ ಬರಲಿ.

ಬಿಜಾಪುರದ ಡಾಕ್ಟರ ಮುಂದೆ ನಿನ್ನನ್ನು ಕೂರಿಸಿದವಳು ನಾನು. ಸಕ್ಕರೆ ಮುನ್ನೂರಾ ಹನ್ನೆರಡು. ಮಾತ್ರೆ ಬರೆದು, "ದಿನಾ ನಲವತ್ತ ನಿಮಿಷ ನಡೀರಿ, ಥಂಡಿ ಐತಿ ಅಂತ ಬಿಡಬ್ಯಾಡ್ರಿ" ಅಂದರು. ನೀನು ಏನಂದೆ? "ಹೊಲದಾಗ ದುಡಿಯಾಂವಗ ವಾಕಿಂಗ್ ಯಾಕ್ರಿ ಸಾಹೇಬ್ರ? ನಮ್ದು ಹುಟ್ಟಿದಾಗಿಂದ ವಾಕಿಂಗನ." ಡಾಕ್ಟರು ನಕ್ಕರು. ನಾನು ನಗಲಿಲ್ಲ. ದೀಪಾವಳಿಗೆ ನಿಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದೆನಲ್ಲ, ನಿನ್ನ ದುಡಿಮೆಯನ್ನು ಎಣಿಸಿಕೊಂಡೇ ಬಂದಿದ್ದೇನೆ.

ಏಳಕ್ಕೆ ಏಳುವುದು. ಎರಡು ಕಪ್ಪು ಚಹಾ. ಬೈಕಿನ ಮೇಲೆ ಹೊಲ. ಬೈಕು ಬೇವಿನ ಗಿಡದ ಬುಡಕ್ಕೆ. ಅಲ್ಲಿಂದ ಬಾವಿಯ ಕಟ್ಟೆಗೆ ನಲವತ್ತೊಂದು ಹೆಜ್ಜೆ. ಮೋಟಾರು ಚಾಲೂ ಆಗುವುದು ಮೊಬೈಲಿನಿಂದ. ಕಳೆ ತೆಗೆಯುವುದು ಹೆಣ್ಣಾಳುಗಳು, ಔಷಧ ಹೊಡೆಯುವುದು ಯಲ್ಲಾಲಿಂಗ, ಗಳೆ ಹೊಡೆಯುವುದು ಟ್ರ್ಯಾಕ್ಟರು. ನೀನು ಒಡ್ಡಿನ ಮೇಲೆ ನಿಂತು "ಏ, ಆ ಸಾಲ ಬಿಟ್ರಿ" ಅಂತ ಒದರುವುದು. ಒದರಿದರೆ ಮೈ ಗಟ್ಟಿಯಾಗುವ ಹಾಗಿದ್ದರೆ ನನ್ನ ಖಾನಾವಳಿಯ ಗಿರಾಕಿಗಳೆಲ್ಲ ಪೈಲವಾನರಾಗಿರಬೇಕಿತ್ತು. ದಿನದ ಒಟ್ಟು ನಡಿಗೆ ಹನ್ನೊಂದು ನಿಮಿಷ. ಅದರಲ್ಲಿ ಮೂರು ನಿಮಿಷ ಚಪ್ಪಲಿ ಹುಡುಕಿದ್ದು.

ನನಗೆ ಐವತ್ತನಾಲ್ಕು. ಹೆದ್ದಾರಿ ಬದಿಗೆ ಮೂರು ಕಲ್ಲು, ಒಂದು ಹಂಚು ಇಟ್ಟುಕೊಂಡು ಲಾರಿಯವರಿಗೆ ರೊಟ್ಟಿ ಬಡಿದವಳು. ಇವತ್ತು ಒಂಬತ್ತು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಖಾನಾವಳಿ ನಡೆಸುತ್ತೇನೆ. ಆದರೂ ನಸುಕಿನ ಐದೂವರೆಗೆ ಎದ್ದು, ಮೂಗಿಗೆ ಸೆರಗು ಕಟ್ಟಿಕೊಂಡು ಸರ್ವಿಸ್ ರಸ್ತೆಯಲ್ಲಿ ಮೇಲ್ಸೇತುವೆಯವರೆಗೆ ಹೋಗಿ ಬರುತ್ತೇನೆ. ಒಂದು ದಿನ ತಪ್ಪಿಸಿಲ್ಲ. ನಿನಗಿಂತ ಐದು ವರ್ಷ ದೊಡ್ಡವಳು.

ನಡೆ. ಇದರ ಮೇಲೆ ಹೇಳುವುದಿಲ್ಲ. ಹೇಳುತ್ತೇನೆ, ಆದರೆ ಈಗಲ್ಲ.

ಅಕ್ಕ ಸಿದ್ದಲಿಂಗವ್ವ

—

ಮೋರಟಗಿ
27 ನವೆಂಬರ್ 2024

ಅಕ್ಕನಿಗೆ,

ನಾನೂ ಕಾಗದದಲ್ಲೇ ಉತ್ತರ ಕೊಡುತ್ತೇನೆ. ಫೋನಿನಲ್ಲಿ ನನ್ನ ಪಾಳಿ ಬರುವುದೇ ಇಲ್ಲ.

ದೀಪಾವಳಿಯ ನಾಲ್ಕು ದಿನ ನೋಡಿ ವರ್ಷದ ದುಡಿಮೆ ಅಳೆಯುವವಳು ನೀನೊಬ್ಬಳೇ. ಜೂನ್‌ನಲ್ಲಿ ಬಂದು ಎಣಿಸು. ಬಾವಿಯಿಂದ ಪೈಪು ಎತ್ತುವ ದಿನ ಬಂದು ಎಣಿಸು. ಆಳು ಹುಡುಕಿಕೊಂಡು ಮೂರು ಊರು ತಿರುಗುವಾಗ ಹಿಂದೆ ಕೂತು ಎಣಿಸು. ನೆರಳಲ್ಲಿ ನಿಂತು ರೊಟ್ಟಿ ಲೆಕ್ಕ ಇಡುವವಳಿಗೆ ಹೊಲ ಬೇವಿನ ಗಿಡದಿಂದ ಬಾವಿಯವರೆಗೇ ಕಾಣುತ್ತದೆ.

ಆದರೂ ನಡೆದೆ. ಏನಾಯಿತು ಕೇಳು. ಮೊದಲ ದಿನ ಆರು ಗಂಟೆ, ಮಂಜು, ಹೊಸ ಬೂಟು. ಯಲ್ಲಾಲಿಂಗ ಎದುರಾದ.

"ಯಾಕ ಕಾಕಾ, ಎಮ್ಮಿ ಹಗ್ಗ ಹರಕೊಂಡು ಹೋತೇನ್ರಿ?"

"ಇಲ್ಲೋ. ಸುಮ್ನ ನಡ್ಯಾಕ ಬಂದೇನಿ."

"ಸುಮ್ನ? ಸುಮ್ನ ಯಾರ ನಡೀತಾರ್ರಿ? ಹೇಳ್ರಿ, ಯಾ ಕಡಿ ಹೋತು?"

ಊರ ತುದಿ ಮುಟ್ಟುವಷ್ಟರಲ್ಲಿ ನನ್ನ ಕಳೆಯದ ಎಮ್ಮೆಯನ್ನು ಮೂವರು ಹುಡುಕುತ್ತಿದ್ದರು. ಮುದುಕಿ ಶೆಟ್ಟೆವ್ವ ಬಾಗಿಲಲ್ಲಿ ನಿಂತು, "ಯಾರ ತೀರ್ಕೊಂಡ್ರೋ ಯಪ್ಪಾ, ಇಷ್ಟ ಲಗು ಹೊಂಟಿ?" ಅಂದಳು. ಮರುದಿನ ಯಾರೂ ಕೇಳಬಾರದೆಂದು ಕೈಯಲ್ಲಿ ಕುಡಗೋಲು ಹಿಡಿದೆ. ಒಬ್ಬ ತಡೆದು ನಿಲ್ಲಿಸಿ, ಖಾಲಿ ಇದ್ದರೆ ತನ್ನ ಮೇವನ್ನೂ ಕೊಯ್ದು ಕೊಡು ಅಂದ. ಎಂಟು ಎಕರೆ ಇರುವವನನ್ನು ಕೂಲಿಗೆ ಕರೆಸಿದ್ದು ನಿನ್ನ ಡಾಕ್ಟರು.

ಇನ್ನೊಂದು ಮಾತು, ನಗಬೇಡ. ಹಿಮ್ಮಡಿ ಭಾರವಾಗಿದೆ. ನೆಲದ ಮೇಲಲ್ಲ, ಹತ್ತಿಯ ಮೇಲೆ ನಡೆದ ಹಾಗೆ. ಮೊನ್ನೆ ಒಂದು ಚಪ್ಪಲಿ ಕಾಲಿನಿಂದ ಜಾರಿ ದಾರಿಯಲ್ಲೇ ಉಳಿದಿದೆ, ಮನೆಗೆ ಬಂದ ಮೇಲೆ ನಮ್ಮನೆಯಾಕೆ ವಿಜಯಾ "ಇನ್ನೊಂದ ಎಲ್ಲಿ?" ಅಂದಾಗ ನೋಡಿಕೊಂಡೆ. ಥಂಡಿಗೆ ಇರಬೇಕು. ಅದಕ್ಕೇ ನಾಲ್ಕು ದಿನದಿಂದ ನಡೆಯುವುದು ಬಿಟ್ಟಿದ್ದೇನೆ.

ತಮ್ಮ ಶ್ರೀಶೈಲಪ್ಪ

—

ಝಳಕಿ
6 ಡಿಸೆಂಬರ್ 2024

ಶ್ರೀಶೈಲಾ,

ಹತ್ತಿಯಂತೆ ಹತ್ತಿ! ಇಪ್ಪತ್ತು ವರ್ಷ ಬೈಕಿನ ಮೇಲೆ ಇಟ್ಟ ಕಾಲನ್ನು ನೆಲಕ್ಕೆ ಇಳಿಸಿದರೆ ಹಾಗೇ ಆಗುತ್ತದೆ. ನಿನಗೆ ಬಿಡಲು ಒಂದು ಕಾರಣ ಬೇಕಾಗಿತ್ತು. ಮೊದಲು ಹೊಲ, ಆಮೇಲೆ ಎಮ್ಮೆ, ಈಗ ಹಿಮ್ಮಡಿ. ನಾಳೆ ಹಲ್ಲು ನೋಯುತ್ತದೆ ಅಂತ ನಡೆಯದೆ ಇರುತ್ತೀ.

ಹಿಮ್ಮಡಿಗೆ ಏನು ಮಾಡಬೇಕೆಂದು ಅವ್ವ ಸತ್ತ ಕೂಡಲೇ ಮರೆತೆಯಾ? ಒಂದು ಇಟ್ಟಂಗಿಯನ್ನು ಒಲೆಯಲ್ಲಿ ಕಾಸು. ಅದರ ಮೇಲೆ ನಾಲ್ಕು ಎಕ್ಕಿ ಎಲೆ, ಎಲೆಯ ಮೇಲೆ ಹಳೆ ಧೋತರದ ಒಂದು ಪದರು. ಹಿಮ್ಮಡಿ ಊರಿ ಕೂಡು. ತಾಳುವಷ್ಟು ಹೊತ್ತು ಇಡು, ತಾಳದಾದಾಗ ತೆಗೆ. ದಿನಾ ನಡೆದು ಬಂದ ಮೇಲೆ ಮಾಡು. ಹಂಚಿನ ಮುಂದೆ ನಿಂತು ನಿಂತು ನನಗೆ ಹಿಮ್ಮಡಿ ಹಿಡಿದಾಗ ಇದರಿಂದಲೇ ಬಿಟ್ಟಿತು. ಇದಕ್ಕೆ ಡಾಕ್ಟರನ್ನು ಕೇಳುವುದೇನೂ ಇಲ್ಲ. ಕೇಳಿದರೆ ಇನ್ನೊಂದು ಗುಳಿಗೆ ಬರೆಯುತ್ತಾರೆ ಅಷ್ಟೇ.

ಎಮ್ಮೆ ಕಳೆದಿದೆಯಾ ಅಂದವರಿಗೆ "ಹೌದು" ಅನ್ನು. ನಲವತ್ತು ನಿಮಿಷ ಹುಡುಕು. ಸಿಗದೆ ಮನೆಗೆ ಹೋಗು.

ಅಕ್ಕ

—

ಮೋರಟಗಿ
19 ಡಿಸೆಂಬರ್ 2024

ಅಕ್ಕನಿಗೆ,

ಈಗ ನನ್ನ ಎಣಿಕೆ ಓದು. ಹತ್ತು ದಿನ, ದಿನಕ್ಕೆ ನಲವತ್ತು ನಿಮಿಷ, ಒಂದೂ ತಪ್ಪಿಲ್ಲ. ಮೊನ್ನೆ ಸಿಂದಗಿಯಲ್ಲಿ ನೋಡಿಸಿದೆ, ಸಕ್ಕರೆ ಇನ್ನೂರಾ ಹತ್ತಕ್ಕೆ ಇಳಿದಿದೆ. ಪ್ಯಾಂಟು ಸಡಿಲಾಗಿದೆ. ಯಲ್ಲಾಲಿಂಗನೂ ಬರುತ್ತಾನೆ; ಅವನಿಗೆ ಏನೂ ರೋಗವಿಲ್ಲ, ನನ್ನ ಜೊತೆ ಮಾತಾಡಲು ಬರುತ್ತಾನೆ. ನೀನು ಹೇಳಿದ್ದರಲ್ಲಿ ಒಂದಾದರೂ ಸರಿಯಾಯಿತು ಅಂತ ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೂ ಒಪ್ಪಿದೆ.

ನಿನ್ನೆಯಿಂದ ಇಟ್ಟಂಗಿಯೂ ಸುರು ಮಾಡಿದ್ದೇನೆ. "ತಾಳುವಷ್ಟು" ಅಂತ ನನಗೆ ಹೇಳುತ್ತೀಯಲ್ಲ! ಧೋತರದ ಮೇಲೆ ಬೆರಳಿಟ್ಟ ವಿಜಯಾ "ಅಯ್ಯಯ್ಯ, ಸುಡತೈತ್ರಿ" ಅಂತ ಕೈ ಕೊಡವಿದಳು. ನಾನು ಇಟ್ಟ ಹಿಮ್ಮಡಿ ತೆಗೆಯಲೇ ಇಲ್ಲ. ಇಟ್ಟಂಗಿ ತಾನೇ ಆರಿತು, ನಾನು ಆರಲಿಲ್ಲ. ಅಷ್ಟು ಹೊತ್ತೂ ಒಂದು ಕಪ್ಪು ಚಹಾ ಕುಡಿದು ಮಾರುಕಟ್ಟೆಯ ಸುದ್ದಿ ಓದಿದೆ. ಇವತ್ತೂ ಹಾಗೇ. ಹೊಲದ ಕಾಲು ಅಕ್ಕಾ ಇದು, ಖಾನಾವಳಿಯ ಕಾಲಲ್ಲ.

ತೊಗರಿ ಒಣಗುತ್ತಾ ಬಂದಿದೆ. ಎಳ್ಳಮಾಸಿ ಹಬ್ಬ ಮುಗಿಸಿ ಕಡಿಯಲು ಹಚ್ಚಬೇಕು. 30ಕ್ಕೆ ಬಾ. ಹೊಲದ ಸುತ್ತ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಅಲ್ಲೇ ಉಣ್ಣೋಣ. ವಿಜಯಾ ಶೇಂಗಾ ಹೋಳಿಗೆ ಮಾಡುತ್ತಾಳೆ. ನಾನು ತಿನ್ನುವುದಿಲ್ಲ, ನೋಡುತ್ತೇನೆ.

ಶ್ರೀಶೈಲ

—

ಝಳಕಿ
3 ಜನವರಿ 2025

ಶ್ರೀಶೈಲಾ,

ಎಳ್ಳಮಾಸಿಗೆ ನಾನು ಬರಲಿಲ್ಲ. ಅವತ್ತು ಎರಡು ಬಸ್ಸು ಜನ ಊಟಕ್ಕೆ ಇಳಿದರು. ಅದಕ್ಕೆ ನೀನು ಮುನಿಸಿಕೊಂಡೆ. ನಾಲ್ಕು ದಿನ ಆಯಿತು, ಫೋನ್ ಎತ್ತುವುದಿಲ್ಲ. ವಿಜಯಾ ಎತ್ತಿ "ಮಲಗ್ಯಾರ್ರಿ" ಅಂತಾಳೆ. ಹಗಲು ಹನ್ನೊಂದಕ್ಕೆ ಮಲಗುವ ರೈತನನ್ನು ನಾನು ಕೇಳಿಲ್ಲ. ತೊಗರಿ ಕಡಿಯುವ ದಿನದಲ್ಲಂತೂ ಕೇಳೇ ಇಲ್ಲ.

ನಡೆಯುವುದು ಬಿಟ್ಟಿದ್ದೀ, ನನಗೆ ಹೇಳಲು ಮುಖವಿಲ್ಲ. ಅಷ್ಟೇ ವಿಷಯ. ಹತ್ತು ದಿನದ ಶೂರ! ಇಟ್ಟಂಗಿ ಆರಿತು, ನಾನು ಆರಲಿಲ್ಲ ಅಂತ ಬರೆದವನು ಈಗ ಎಲ್ಲಿ ಆರಿಹೋದೆ? ಬರೆ, ಇಲ್ಲದಿದ್ದರೆ ನಾನೇ ಬಂದು ಎಬ್ಬಿಸುತ್ತೇನೆ.

ಅಕ್ಕ

—

ಬಿಜಾಪುರ, ಆಸ್ಪತ್ರೆ
8 ಜನವರಿ 2025

ಅಕ್ಕನವರಿಗೆ,

ನಾನು ವಿಜಯಶ್ರೀ ಬರೆಯುತ್ತಿದ್ದೇನೆ. ನಿಮ್ಮ ಕಾಗದ ನಿನ್ನೆ ಮನೆಗೆ ಬಂತು. ಯಲ್ಲಾಲಿಂಗ ಇಲ್ಲಿಗೆ ತಂದುಕೊಟ್ಟ. ಓದಿದೆ. ಅವರಿಗೆ ತೋರಿಸಿಲ್ಲ. ನಿಮಗೆ ಫೋನ್ ಮಾಡಿದರೆ ನಾನು ಅನ್ನಬಾರದ್ದು ಅಂದೇನು ಅಂತ ಬರೆಯುತ್ತಿದ್ದೇನೆ.

ಡಿಸೆಂಬರ್ 20ಕ್ಕೇ ಅವರ ಬಲ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ಒಡೆದಿತ್ತು. ನನಗೆ ತೋರಿಸಲಿಲ್ಲ. ಅರಿವೆ ಸುತ್ತಿಕೊಂಡು ಮೇಲೆ ಬೂಟು ಹಾಕಿ ನಡೆದರು. ದಿನಾ ನಲವತ್ತು ನಿಮಿಷ; ನಿಮಗೆ ಎಣಿಕೆ ಒಪ್ಪಿಸಬೇಕಿತ್ತಲ್ಲ. ಎಳ್ಳಮಾಸಿ ದಿನ ಚರಗ ಚೆಲ್ಲುವಾಗ ಚಪ್ಪಲಿ ಹಾಕಬಾರದೆಂದು ಆ ಗಾಯದ ಕಾಲಿನಿಂದ ಎಂಟೂ ಎಕರೆ ಸುತ್ತಿದರು. ಮರುದಿನ ಜ್ವರ. ನಾಲ್ಕನೇ ತಾರೀಖು ವಾಸನೆ ಬಂತು.

ಡಾಕ್ಟರು ಸೂಜಿ ಚುಚ್ಚಿ ಚುಚ್ಚಿ ಕೇಳಿದರು, ಇವರು ಬೇರೆ ಕಡೆ ನೋಡುತ್ತಾ ಕೂತಿದ್ದರು. ಸಕ್ಕರೆಗೆ ಎರಡೂ ಪಾದದ ಸ್ಪರ್ಶ ಹೋಗಿ ವರ್ಷದ ಮೇಲಾಗಿದೆಯಂತೆ. ಹತ್ತಿಯ ಮೇಲೆ ನಡೆದಂತೆ ಅನ್ನಿಸುವುದು ಅದೇ ಅಂತೆ. ತಾಳಿದ್ದಲ್ಲ ಅಕ್ಕಾರ, ಅವರಿಗೆ ಗೊತ್ತಾಗಿಲ್ಲ. ಹಿಮ್ಮಡಿ ಬೆಂದಿತ್ತು.

"ಇಟ್ಟಂಗಿ ಇಡ್ರಿ ಅಂತ ಯಾರ ಹೇಳಿದ್ರ?" ಅಂತ ಡಾಕ್ಟರು ಬೈದರು. "ಯಾರೂ ಇಲ್ರಿ, ನಾನ ಮಾಡ್ಕೊಂಡೇನಿ" ಅಂದರು.

ಕೆಟ್ಟ ಮಾಂಸ ಕೊಯ್ದು ತೆಗೆದಿದ್ದಾರೆ. ಆರು ವಾರ ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಮೊಣಕಾಲ ಕೆಳಗೆ ತೆಗೆಯಬೇಕಾಗುತ್ತದೆ. ಇವರು ಹಾಸಿಗೆಯಲ್ಲಿ "ತೊಗರಿ ಸಿಡೀತೈತಿ, ನನ್ನ ಬಿಡ್ರಿ" ಅಂತ ಕೂತಿದ್ದಾರೆ.

ಬಂದು ಎಬ್ಬಿಸುತ್ತೇನೆ ಅಂತ ಬರೆದಿದ್ದೀರಿ. ಎಬ್ಬಿಸಬೇಡಿ.

ವಿಜಯಶ್ರೀ

—

ಝಳಕಿ
11 ಜನವರಿ 2025

ಶ್ರೀಶೈಲಾ,

ನಿನ್ನೆ ಆಸ್ಪತ್ರೆಗೆ ಬಂದಾಗ ಅಷ್ಟು ಜನರ ಮುಂದೆ ಬಾಯಿ ಬಿಡಲಿಲ್ಲ. ನೀನು ಚಾದರದಲ್ಲಿ ಕಾಲು ಮುಚ್ಚಿಕೊಂಡೆ, ನಾನು ಇಣುಕಲಿಲ್ಲ. ಈಗ ಹೇಳುತ್ತೇನೆ.

ಗಾಯವಾದರೆ ಹೇಳಲು ಬಾಯಿ ಇರಲಿಲ್ಲವಾ? ಎಮ್ಮೆಯ ಕಥೆ ಎರಡು ಹಾಳೆ ಬರೆಯಲು ಬಂತು. ಬರಿಗಾಲಲ್ಲಿ ಹೊಲ ಸುತ್ತು ಅಂತ ಯಾವ ದೇವರು ಕೇಳಿದ್ದ? ಯಲ್ಲಾಲಿಂಗ ದಿನಾ ಜೊತೆಗೆ ನಡೆದನಲ್ಲ, ಅವನಿಗೆ ಕಣ್ಣಿರಲಿಲ್ಲವಾ? ಸಿಂದಗಿಯಲ್ಲಿ ಸಕ್ಕರೆ ನೋಡಿದವರಿಗೆ ಪಾದ ನೋಡಲು ಏನಾಗಿತ್ತು? ಒಬ್ಬರಾದರೂ ಮನುಷ್ಯರಂತೆ ನಡೆದುಕೊಂಡಿದ್ದರೆ ಇಲ್ಲಿಯವರೆಗೆ ಬರುತ್ತಿರಲಿಲ್ಲ.

ನಡೆ ಅಂದಾಗ ಕೂತೆ. ಈಗ ಕೂಡು ಅಂದರೆ ಹೊಲಕ್ಕೆ ಹೋಗುತ್ತೇನೆ ಅಂತೀಯಾ. ನಿನ್ನ ಕಾಲಿಗೆ ಇನ್ನು ಮುಂದೆ ನಿನ್ನ ಮಾತು ನಡೆಯುವುದಿಲ್ಲ. ಮೋರಟಗಿಗೆ ಕಳಿಸಿದರೆ ಕುಂಟುತ್ತಾ ತೊಗರಿ ಸಾಲಿನಲ್ಲಿ ಇರುತ್ತೀ ಎಂದು ವಿಜಯಾ ಹೇಳಿದಳು, ಸರಿಯಾಗಿಯೇ ಹೇಳಿದಳು. ಆಸ್ಪತ್ರೆಯಿಂದ ನೇರ ಝಳಕಿಗೆ. ಖಾನಾವಳಿಯ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಸಿದ್ದೇನೆ. ಹಂಚು, ಗಿರಾಕಿ, ನೀನು, ಮೂರನ್ನೂ ಮಾಬೂಬಿ ನೋಡುತ್ತಾಳೆ. ಹದಿನಾರು ವರ್ಷದಿಂದ ನನ್ನ ಜೊತೆ ಇರುವವಳು, ನನಗಿಂತ ಕೆಟ್ಟವಳು. ಪಟ್ಟಿ ಕಟ್ಟಲು ನರ್ಸ್ ಮುಬಿನ ಬರುತ್ತಾಳೆ. ತೊಗರಿಗೆ ನಾನು ಹೋಗುತ್ತೇನೆ.

ಬೇಡ ಅನ್ನಬೇಡ. ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಅಕ್ಕ

—

ಝಳಕಿ
29 ಜನವರಿ 2025

ಅಕ್ಕನಿಗೆ,

ನಿನ್ನ ಮನೆಯಿಂದ ನನ್ನ ಮನೆಗೆ ಬರೆಯುತ್ತಿದ್ದೇನೆ. ಜೈಲು ಚೆನ್ನಾಗಿದೆ.

ಮೊನ್ನೆ ಮೂತ್ರಕ್ಕೆಂದು ಒಂಟಿ ಕಾಲಲ್ಲಿ ಎದ್ದು ಗೋಡೆ ಹಿಡಿದೆ. ಹಿಟ್ಟಿನ ಕೈಯಲ್ಲೇ ಮಾಬೂಬಿ ಬಾಗಿಲಿಗೆ ಬಂದಳು. "ಕೂಡ್ರಿ ಅಣ್ಣಾರ. ಆ ಕಾಲ ಕೆಳಗ ಹತ್ತಿತಂದ್ರ ರೊಟ್ಟಿ ಬಡಿಯೋ ಕೈಲೆ ನಿಮಗೂ ಬಡೀತೇನಿ. ನಂದೇನ ಹೋಗೂದೈತಿ, ನಿಮ್ಮಕ್ಕಾರ ಹೇಳಿ ಹೋಗ್ಯಾರ." ಗಿರಾಕಿಗಳೆಲ್ಲ ನಕ್ಕರು. ನಲವತ್ತೊಂಬತ್ತು ವರ್ಷದ ಗಂಡಸು ಅಕ್ಕಾ ನಾನು.

ನಿನ್ನ ನಸುಕಿನ ನಡಿಗೆಯ ವಿಚಾರವನ್ನೂ ಕೇಳಿದೆ.

"ನಮ್ಮಕ್ಕ ಮೇಲ್ಸೇತುವಿ ತನಕ ದಿನಾ ಹೋಗ್ತಾಳಲ್ಲ?"

"ಎಲ್ಲಿ ಹೋಗ್ತಾರ್ರಿ? ಐದೂವರಿಗೆ ಹಿಟ್ಟ ನಾದ್ತಾರ. ಆ ಸೇತುವಿ ಮ್ಯಾಲ ಅವರ ಕಾಲಿಟ್ಟಿದ್ದು ನಾ ಕಂಡಿಲ್ಲ."

ಹಾಗಾದರೆ ಈಗ ನಾನು ಎಣಿಸುತ್ತೇನೆ. ಹಂಚಿನಿಂದ ಗಲ್ಲಾಪೆಟ್ಟಿಗೆಗೆ ಹನ್ನೆರಡು ಹೆಜ್ಜೆ. ನಿಲ್ಲುವುದು ಹದಿಮೂರು ತಾಸು. ಸಂಜೆಗೆ ನಿನ್ನ ಪಾದ ಬಾತು ಚಪ್ಪಲಿಗೆ ಹಿಡಿಸುವುದಿಲ್ಲವಂತೆ. ನನ್ನ ಹನ್ನೊಂದು ನಿಮಿಷಕ್ಕೆ ಅಷ್ಟು ಮಾತಾಡಿದವಳು ಸುಳ್ಳು ಬರೆದು ನನ್ನನ್ನು ನಡೆಸಿದೆ.

ಆಸ್ಪತ್ರೆಗೆ ಬರೆದ ಕಾಗದವನ್ನು ಇಲ್ಲಿ ಮಲಗಿ ನಾಲ್ಕು ಸಲ ಓದಿದೆ. ನನಗೆ ಬೈದಿದ್ದೀ, ದೇವರಿಗೆ, ಯಲ್ಲಾಲಿಂಗನಿಗೆ, ಸಿಂದಗಿಯವರಿಗೆ ಬೈದಿದ್ದೀ. ಇನ್ನೊಂದರ ಹೆಸರು ಎಲ್ಲೂ ಇಲ್ಲ. ಬರೆ ಅಂತ ನಾನು ಹೇಳುತ್ತಿಲ್ಲ.

ತೊಗರಿ ಸಿಡಿಯುತ್ತಿರಬೇಕು. ಬಿಸಿಲು ಏರಿದ ಮೇಲೆ ಕಡಿದರೆ ಕಾಳೆಲ್ಲ ನೆಲಕ್ಕೆ. ನಿಮ್ಮಿಬ್ಬರಿಂದ ಆಗುವುದಿಲ್ಲ. ಈ ವಾರ ಬಸ್ಸು ಹತ್ತಿ ಬಂದುಬಿಡುತ್ತೇನೆ.

ಶ್ರೀಶೈಲ

—

ಮೋರಟಗಿ
3 ಫೆಬ್ರುವರಿ 2025

ಶ್ರೀಶೈಲಾ,

ಬಂದು ಏನು ಮಾಡುತ್ತೀ? ಹೊಲ ಖಾಲಿಯಾಗಿದೆ.

ಬಿಸಿಲು ಏರಿದ ಮೇಲೆ ಕಡಿಯಬಾರದೆಂದು ನೀನು ಬರೆದು ತಿಳಿಸುವವರೆಗೆ ಕಾಯುತ್ತಿದ್ದರೆ ಅಷ್ಟೇ ಆಗುತ್ತಿತ್ತು. ವಿಜಯಾಗೆ ಎಲ್ಲ ಗೊತ್ತು. ಇಬ್ಬನಿ ಆರುವ ಮೊದಲೇ ಕಡಿದೆವು, ಆರು ಹೆಣ್ಣಾಳು, ನಾವಿಬ್ಬರು, ಒಂಬತ್ತು ದಿನ. ಐದನೇ ದಿನ ನನ್ನ ನಡು ಹಿಡಿದು ಒಡ್ಡಿನ ಮೇಲೆ ಕೂತೆ. ಕೂತಲ್ಲಿಂದಲೇ "ಏ, ಆ ಸಾಲ ಬಿಟ್ರಿ" ಅಂತ ಒದರಿದೆ. ವಿಜಯಾ ತಿರುಗಿ ನೋಡಿದಳು. ನಾನು ಮತ್ತೆ ಎದ್ದೆ.

ರಾಶಿ ಆಗಿ ಚೀಲ ಮನೆ ಸೇರಿವೆ. ಊರವರು "ಶ್ರೀಶೈಲ ಯಾವಾಗ ಬರ್ತಾನ?" ಅಂತ ಕೇಳುತ್ತಾರೆ. ಎಮ್ಮೆ ಹುಡುಕಲು ಹೋಗಿದ್ದಾನೆ ಅಂತ ಹೇಳಿದ್ದೇನೆ.

ನಡೆಯಲಿಲ್ಲ, ಹೌದು, ಸುಳ್ಳು ಬರೆದೆ. ನೀನು ನಡೆಯಲಿ ಅಂತ ಬರೆದೆ. ಅದಕ್ಕೇನೀಗ? ಮಂಚ ಬಿಟ್ಟು ಇಳಿಯಬೇಡ.

ಅಕ್ಕ

—

ಝಳಕಿ
14 ಫೆಬ್ರುವರಿ 2025

ಅಕ್ಕನಿಗೆ,

ನಿನ್ನೆ ಬಿಜಾಪುರಕ್ಕೆ ತೋರಿಸಿಕೊಂಡು ಬಂದೆ. ಕೆಂಪು ಮಾಂಸ ತುಂಬುತ್ತಿದೆ. "ಕಾಲ ಉಳೀತೈತ್ರಿ" ಅಂದರು ಡಾಕ್ಟರು. "ಆದ್ರ ಇನ್ನೂ ಒಂದ ತಿಂಗಳ ಕೆಳಗ ಇಡಬ್ಯಾಡ್ರಿ. ಸ್ಪರ್ಶ ಮಾತ್ರ ಬರೂದಿಲ್ಲ. ಇನ್ನ ಮ್ಯಾಲ ದಿನಾ ಯಾರರೆ ನಿಮ್ಮ ಪಾದ ತಿರುವಿ ನೋಡಬೇಕು, ಸಾಯೂತನಕ."

ತೊಂದರೆ ಏನೆಂದರೆ, 25ರಿಂದ ಮುಬಿನ ರಜೆ ಹೋಗುತ್ತಾಳೆ. ಹಿಮ್ಮಡಿ ನನ್ನ ಕೈಗೂ ನಿಲುಕುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. "ನಿಮ್ಮ ಅಕ್ಕಾರ ಬರ್ತಾರಲ್ಲ, ಅವರಿಗೆ ಕಲಿಸಿ ಹೋಗ್ತೇನಿ" ಅಂದಳು. ಬೇಡ ಅಂದೆ. ಹಿರಿಯಳು ನೀನು. ನಿನ್ನ ಕೈಯಲ್ಲಿ ನನ್ನ ಕಾಲು ಮುಟ್ಟಿಸಿಕೊಂಡರೆ ಅದು ನಡೆದರೇನು, ಬಿಟ್ಟರೇನು. ಅದಕ್ಕೆ 24ಕ್ಕೆ ಊರಿಗೆ ಬರುತ್ತೇನೆ. ವಿಜಯಾ ಕಟ್ಟುತ್ತಾಳೆ. ಹೊಲದ ಕಡೆ ಹೋಗುವುದಿಲ್ಲ.

ಹೋಗುವುದಿಲ್ಲ ಅಂತ ಬರೆದೆ. ನನಗೇ ನಂಬಿಕೆ ಇಲ್ಲ. ಜೋಳ ನಿಂತಿದೆಯಲ್ಲ.

ಶ್ರೀಶೈಲ

—

ಮೋರಟಗಿ
18 ಫೆಬ್ರುವರಿ 2025

ಶ್ರೀಶೈಲಾ,

ಬರಬೇಡ. ಬಸ್ಸು ಹತ್ತಿದರೆ ಇಳಿಯುವಲ್ಲಿ ನಾನು ನಿಂತಿರುತ್ತೇನೆ, ಅಲ್ಲಿಂದಲೇ ವಾಪಸು ಕಳಿಸುತ್ತೇನೆ. ಜೋಳ ವಿಜಯಾ ಮತ್ತು ಯಲ್ಲಾಲಿಂಗ ನೋಡುತ್ತಾರೆ. ಮಾತಾಡಿ ಮುಗಿದಿದೆ.

ಇಟ್ಟಂಗಿ ನಾನು ಬರೆದದ್ದು. ಡಾಕ್ಟರನ್ನು ಕೇಳುವುದೇನಿಲ್ಲ ಅಂತ ಬರೆದದ್ದೂ ನಾನೇ. ನೀನು ಹತ್ತಿ ಅಂತ ಸರಿಯಾಗಿ ಹೇಳಿದ್ದೆ, ನಾನು ಕುಹಕ ಮಾಡಿದೆ. ಆ ಇಟ್ಟಂಗಿ ನಿಮ್ಮ ಒಲೆಯ ಹಿಂದೆ ಹಾಗೇ ಇತ್ತು. ಮೊನ್ನೆ ವಿಜಯಾ ಇಲ್ಲದಾಗ ಕಾಸಿ, ಎಲೆ ಹಾಸಿ, ಧೋತರ ಹಾಕಿ ನನ್ನ ಹಿಮ್ಮಡಿ ಊರಿದೆ. ಒಂಬತ್ತು ಎಣಿಸುವಷ್ಟರಲ್ಲಿ ತೆಗೆದೆ. ನೀನು ಅದರ ಮೇಲೆ ಚಹಾ ಕುಡಿದು ಪೇಪರು ಓದಿದ್ದೀ. ಆ ಕಾಗದ ಬಂದ ದಿನ ನಾನು ಅದನ್ನು ಮಾಬೂಬಿಗೆ ಓದಿ ಹೇಳಿ ನಕ್ಕಿದ್ದೆ.

ಇಷ್ಟು ದಿನ ಬರೆದ ಸಿಟ್ಟಿನಲ್ಲಿ ನಿನ್ನ ಪಾಲು ಸ್ವಲ್ಪ. ಉಳಿದದ್ದು ನನ್ನ ಮೇಲಿನದು. ವಿಳಾಸ ಮಾತ್ರ ನಿನ್ನದು ಹಾಕಿದೆ.

ಡಾಕ್ಟರ ಮುಂದೆ "ನಾನ ಮಾಡ್ಕೊಂಡೇನಿ" ಅಂದೆಯಂತೆ. ನನ್ನನ್ನು ಉಳಿಸಲು ನೀನು ಯಾರು? ಮುಂದಿನ ಸಲ ಜೊತೆಗೆ ಬಂದು ನಾನೇ ಹೇಳುತ್ತೇನೆ. ಬೈಸಿಕೊಳ್ಳುತ್ತೇನೆ.

22ರ ಬಸ್ಸಿಗೆ ಬರುತ್ತಿದ್ದೇನೆ. ಮುಬಿನ ಹೋಗುವ ಮೊದಲು ಮೂರು ದಿನ ಸಿಗುತ್ತವೆ, ಕಲಿಯುತ್ತೇನೆ. ರೊಟ್ಟಿ ಕಲಿಯಲು ಇದಕ್ಕಿಂತ ಹೆಚ್ಚು ಹಿಡಿಯಿತು. ಹಿರಿಯಳು ಮುಟ್ಟಬಾರದಂತೆ! ಸುಡುವಾಗ ಹಿರಿತನ ನಡೆಯಿತು, ತೊಳೆಯುವಾಗ ಅಡ್ಡ ಬಂತಾ?

ನಾನು ಒಳಗೆ ಬಂದಾಗ ಏಳಬೇಡ, ನಮಸ್ಕಾರ ಬೇಡ, ಚಾದರ ಎಳೆದುಕೊಳ್ಳಬೇಡ. ಕಾಲು ಬಾಗಿಲ ಕಡೆ ಚಾಚಿ ಮಲಗಿರು.

ಅಕ್ಕ